ಹಳೆಯ ಪುಟ್ಟ ಕಾರಿಗೆ ಎಷ್ಟು ಎಚ್‌ಪಿ?

ಪದ್ಮಿನಿ, ಹೆರಾಲ್ಡ್, ಬೀಟಲ್, ಮೊದಲ ಕಾಲದ ಮಾರುತಿ 800. ಇಂಥ ಕಾರು ಬೆಂಗಳೂರಿನ ನಮ್ಮ ರಿಪೇರಿ ಶೆಡ್ಡಿಗೆ ಬಂದರೆ ಮಾಲೀಕರು ಮೊದಲು ಕೇಳುವುದು, "ಈಗ ಇದು ಎಷ್ಟು ಎಚ್‌ಪಿ ಕೊಡುತ್ತೆ ಸಾರ್?" ನ್ಯಾಯವಾದ ಪ್ರಶ್ನೆಯೇ. ಆದರೆ ಎಲ್ಲಿ, ಯಾವ ಪದ್ಧತಿಯಲ್ಲಿ, ಎಂಥ ಹವೆಯಲ್ಲಿ ಅಳೆದದ್ದು ಎಂದು ತಿಳಿಯದ ಎಚ್‌ಪಿಯನ್ನು ಇನ್ನೊಂದರ ಪಕ್ಕ ಇಟ್ಟು ನೋಡಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ಏಕೆ ಅಂತ ಈ ಕೆಲಸವೇ ಕಲಿಸಿದೆ.

1. ಹೆಸರಿನಲ್ಲಿರುವ ಅಂಕಿ ತೆರಿಗೆಯದ್ದು.

ಆಸ್ಟಿನ್ 7, ಮಾರಿಸ್ 8 ಎಂಬ ಹೆಸರು ನೋಡಿ ಅಷ್ಟೇ ಶಕ್ತಿ ಎಂದುಕೊಳ್ಳುವವರು ಇಂದಿಗೂ ಇದ್ದಾರೆ. ಬ್ರಿಟನ್ನಿನಲ್ಲಿ ಕಾರಿನ ತೆರಿಗೆಗೆ ಬಳಸುತ್ತಿದ್ದ ರಾಯಲ್ ಆಟೊಮೊಬೈಲ್ ಕ್ಲಬ್ಬಿನ ಸೂತ್ರ ಹೀಗಿತ್ತು: ಸಿಲಿಂಡರಿನ ಒಳವ್ಯಾಸವಾದ ಬೋರನ್ನು ಇಂಚಿನಲ್ಲಿ ಅಳೆದು ವರ್ಗ ಮಾಡಿ, ಸಿಲಿಂಡರುಗಳ ಸಂಖ್ಯೆಯಿಂದ ಗುಣಿಸಿ, 2.5ರಿಂದ ಭಾಗಿಸಿ. ಪಿಸ್ಟನ್ ಚಲಿಸುವ ದೂರ, ಅಂದರೆ ಸ್ಟ್ರೋಕ್, ಲೆಕ್ಕಕ್ಕೇ ಇಲ್ಲ. 747 ಸಿಸಿಯ ಆಸ್ಟಿನ್ 7ರ ಬೋರ್ 2.2 ಇಂಚು, ಸೂತ್ರದ ಉತ್ತರ 7.7. ಎಂಜಿನ್ ಕೊಡುತ್ತಿದ್ದದ್ದು 10ಕ್ಕೂ ಮೇಲೆ. ಮಾರಿಸ್ 8 ತೆರಿಗೆಗೆ ಎಂಟಾದರೂ ರಸ್ತೆಯಲ್ಲಿ 23ರ ಆಸುಪಾಸು. ತೆರಿಗೆ ಉಳಿಸಲೆಂದೇ ಅದರ ಬೋರ್ 57 ಮಿ.ಮೀ., ಸ್ಟ್ರೋಕ್ 90 ಮಿ.ಮೀ. ಆ ಕಾಲದ ಬ್ರಿಟಿಷ್ ಎಂಜಿನ್ನುಗಳು ಕೆಳಗಿನ ವೇಗದಲ್ಲಿ ಚೆನ್ನಾಗಿ ಎಳೆದು, ಮೇಲೆ ಹೋದಂತೆ ಏದುಸಿರು ಬಿಡುವುದಕ್ಕೆ ಈ ಸೂತ್ರವೂ ಕಾರಣ.

2. ಕ್ಯಾಟಲಾಗಿನಲ್ಲಿ ಎಚ್‌ಪಿಯ ಪಕ್ಕದ ಅಕ್ಷರಗಳನ್ನು ಓದಿ.

1192 ಸಿಸಿ ಬೀಟಲ್ ಎಂಜಿನ್ ಜರ್ಮನಿಯ ಕಾಗದದಲ್ಲಿ 34, ಅಮೆರಿಕದ ಕಾಗದದಲ್ಲಿ 40. ಎಂಜಿನ್ ಅದೇ. ಜರ್ಮನಿಯ ಡಿಐಎನ್ ಪದ್ಧತಿಯಲ್ಲಿ ಏರ್ ಫಿಲ್ಟರ್, ಫ್ಯಾನು, ಡೈನಮೊ, ಸೈಲೆನ್ಸರ್ ಎಲ್ಲವೂ ಕಾರಿನಲ್ಲಿ ಇರುವಂತೆಯೇ ಇರಬೇಕು. ಅಮೆರಿಕದ ಹಳೆಯ ಎಸ್‌ಎಇ ಗ್ರಾಸ್ ಪದ್ಧತಿಯಲ್ಲಿ ಇವನ್ನು ಕಳಚಿಟ್ಟು ಬರಿಯ ಎಂಜಿನ್ನನ್ನು ಅಳೆಯುತ್ತಿದ್ದರು. 1972ರ ಮಾಡೆಲ್‌ಗಳಿಂದ ಅಲ್ಲಿಯೂ ಇವನ್ನೆಲ್ಲ ಸೇರಿಸಿ ಅಳೆಯುವ ನೆಟ್ ಲೆಕ್ಕ ಬಂತು. ಒಂದೇ ವರ್ಷದಲ್ಲಿ ಕಾರುಗಳೆಲ್ಲ ಸೊರಗಿದವು ಎಂಬ ಮಾತಿನಲ್ಲಿ ಹೆಚ್ಚಿನ ಪಾಲು ಈ ಲೆಕ್ಕದ ಬದಲಾವಣೆಯೇ. ಜರ್ಮನಿಯ ಪಿಎಸ್ ಮತ್ತು ಬ್ರಿಟನ್ನಿನ ಬಿಎಚ್‌ಪಿ ನಡುವಿನ ಅಂತರವಾದರೋ ಶೇ 1.4ರಷ್ಟು ಮಾತ್ರ (735.5 ವ್ಯಾಟ್, 745.7 ವ್ಯಾಟ್). ಅದಕ್ಕೆ ತಲೆ ಕೆಡಿಸಿಕೊಳ್ಳುವುದು ಬೇಡ.

3. ಮೊದಲು ಪೆಡಲ್ ಪೂರ್ತಿ ಒತ್ತಿ, ಕಾರ್ಬ್ಯುರೇಟರ್ ಒಳಗೆ ನೋಡಿ.

ಏರ್ ಫಿಲ್ಟರ್ ತೆಗೆದು, ಎಂಜಿನ್ ಆಫ್ ಇರುವಾಗ ಒಬ್ಬರು ಪೆಡಲ್ ಒತ್ತಲಿ, ಇನ್ನೊಬ್ಬರು ಥ್ರಾಟಲ್ ತಗಡು ಎಷ್ಟು ತೆರೆಯುತ್ತದೆ ಎಂದು ನೋಡಲಿ. ಸವೆದ ಲಿಂಕೇಜ್, ಹಿಗ್ಗಿದ ಕೇಬಲ್, ಪೆಡಲ್ ಕೆಳಗಿನ ದಪ್ಪ ಮ್ಯಾಟ್ ಸೇರಿ ಮುಕ್ಕಾಲು ಮಾತ್ರ ತೆರೆಯುವ ಕಾರುಗಳು ಬಹಳ. "ಪಿಕಪ್ ಇಲ್ಲ" ಎಂದು ಬಂದ ಕಾರನ್ನು ಎಂಜಿನ್ ಬಿಚ್ಚದೆ ವಾಪಸ್ ಕಳಿಸುವ ಸಂತೋಷ ಇಲ್ಲಿ ಸಿಗುತ್ತದೆ. ಆಮೇಲೆ ಟ್ಯಾಪೆಟ್ ಗ್ಯಾಪು, ಪಾಯಿಂಟ್, ಟೈಮಿಂಗ್, ಎಲ್ಲ ಸಿಲಿಂಡರುಗಳ ಕಂಪ್ರೆಷನ್. ನಾಲ್ಕು ಚಕ್ರವನ್ನೂ ಜಾಕ್ ಹಾಕಿ ಕೈಯಲ್ಲಿ ತಿರುಗಿಸಿ. ಬ್ರೇಕ್ ಹಿಡಿದುಕೊಂಡ ಚಕ್ರ ಎಂಜಿನ್ನಿನ ಮಾನ ಕಳೆಯುತ್ತದೆ.

4. ಬೆಂಗಳೂರಿನ ಗಾಳಿ ತೆಳ್ಳಗಿದೆ, ಅದನ್ನು ಲೆಕ್ಕಕ್ಕೆ ತನ್ನಿ.

ಬಹಳ ಜನ ಎಡವುವುದು ಇಲ್ಲಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರ. ಇಲ್ಲಿಯ ವಾಯು ಒತ್ತಡ 910 ಮಿಲಿಬಾರ್ ಸುತ್ತಮುತ್ತ, ಮಂಗಳೂರಿನ ಕಡಲ ತೀರದಲ್ಲಿ 1010ರ ಹತ್ತಿರ. ಟರ್ಬೊ ಇಲ್ಲದ ಎಂಜಿನ್ ಒಳಗೆಳೆದುಕೊಳ್ಳುವುದು ಸುತ್ತಲಿನ ಗಾಳಿಯನ್ನೇ. ಗಾಳಿ ಶೇ 10 ಕಡಿಮೆಯಾದರೆ ಶಕ್ತಿಯೂ ಸುಮಾರು ಅಷ್ಟೇ ಕಡಿಮೆ. ಅದೇ ಕಾರು ಶಿರಾಡಿ ಘಾಟಿ ಇಳಿದು ಮಂಗಳೂರು ಸೇರಿದಾಗ ಹುರುಪಾಗಿ ಓಡಿದರೆ ಅದು ಚಾಲಕನ ಭ್ರಮೆಯಲ್ಲ.

ಹಳೆಯ ಡಿಐಎನ್ ತಿದ್ದುಪಡಿ ಸರಳ. 1013ನ್ನು ಅಂದಿನ ಒತ್ತಡದಿಂದ ಭಾಗಿಸಿ. ತಾಪಮಾನಕ್ಕೆ 273 ಕೂಡಿಸಿ, 293ರಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. ಎರಡನ್ನೂ ಗುಣಿಸಿ. 910 ಮಿಲಿಬಾರ್, 30 ಡಿಗ್ರಿ ಇದ್ದರೆ 1.13 ಬರುತ್ತದೆ. ಶಕ್ತಿ ಅಳೆಯುವ ಯಂತ್ರವಾದ ಡೈನೊ 30 ತೋರಿಸಿದರೆ ಸಮುದ್ರಮಟ್ಟದ ಲೆಕ್ಕದಲ್ಲಿ ಅದು 34. ನಾಲ್ಕು ಎಚ್‌ಪಿ ಎಂದರೆ ಪುಟ್ಟ ಕಾರಿಗೆ ದೊಡ್ಡ ಮಾತು.

ಒಂದು ಎಚ್ಚರ. ಮೊಬೈಲಿನ ಹವಾಮಾನ ಆ್ಯಪ್ ತೋರಿಸುವ ಒತ್ತಡ ಸಾಮಾನ್ಯವಾಗಿ ಸಮುದ್ರಮಟ್ಟಕ್ಕೆ ಇಳಿಸಿ ಹೇಳಿದ್ದು. ಬೆಂಗಳೂರಿಗೂ 1013 ಎಂದೇ ತೋರಿಸಬಹುದು. ಅದನ್ನು ಸೂತ್ರಕ್ಕೆ ಹಾಕಿದರೆ ತಿದ್ದುಪಡಿಯೇ ಮಾಯ. ಒತ್ತಡಮಾಪಕವನ್ನು ಡೈನೊ ಪಕ್ಕದಲ್ಲೇ ಇಟ್ಟು ಓದಬೇಕು.

ಕಾರ್ಬ್ಯುರೇಟರಿನ ಕಥೆ ಇನ್ನೂ ಸ್ವಾರಸ್ಯದ್ದು. ಗಾಳಿ ತೆಳುವಾದಾಗ ಅದೇ ಜೆಟ್ ಮಿಶ್ರಣವನ್ನು ರಿಚ್ (ಇಂಧನ ಹೆಚ್ಚು) ಮಾಡುತ್ತದೆ. ಬೆಂಗಳೂರಿನ ಎತ್ತರಕ್ಕೆ ಹೆಚ್ಚು ಕಡಿಮೆ ಶೇ 5ರಷ್ಟು. ಈಗ ಸಿಗುವ ಶೇ 20 ಎಥೆನಾಲ್ ಬೆರೆತ ಪೆಟ್ರೋಲ್ ಅದೇ ಜೆಟ್‌ನಲ್ಲಿ ಲೀನ್ (ಇಂಧನ ಕಡಿಮೆ) ಆಗುತ್ತದೆ. ಹಾಗಾಗಿ ಇಲ್ಲಿ ಎರಡೂ ಸರಿದೂಗಿ ಸರಿಯಾಗಿ ಓಡುವ ಕಾರು ಕರಾವಳಿಗೆ ಇಳಿದಾಗ ತೀರಾ ಲೀನ್ ಆಗಿ ಬಿಸಿಯಾಗಬಹುದು. ಪುಸ್ತಕದಲ್ಲಿರುವ ಜೆಟ್ ನಂಬರಿಗೆ ಜೋತುಬೀಳದೆ ಪ್ಲಗ್ ಬಣ್ಣ ನೋಡಿ. ಎಕ್ಸಾಸ್ಟಿನಲ್ಲಿ ಆಕ್ಸಿಜನ್ ಸೆನ್ಸರ್ ಇಟ್ಟು ನೋಡಿದರೆ ಇನ್ನೂ ವಾಸಿ.

5. ಚಕ್ರದಲ್ಲಿ ಅಳೆದದ್ದು ಚಕ್ರದ್ದಾಗಿಯೇ ಇರಲಿ.

ರೋಲರ್ ಡೈನೊ ಅಳೆಯುವುದು ಗೇರ್‌ಬಾಕ್ಸ್, ಡಿಫರೆನ್ಷಿಯಲ್, ಟಯರು ತಮ್ಮ ಪಾಲು ತೆಗೆದುಕೊಂಡ ಮೇಲೆ ಉಳಿದದ್ದನ್ನು. ಅದಕ್ಕೆ ಶೇ 15 ಸೇರಿಸಿ "ಎಂಜಿನ್ನಿನ ಎಚ್‌ಪಿ" ಬರೆದುಕೊಡುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ನಷ್ಟದಲ್ಲಿ ಒಂದು ಭಾಗ ಆಯಿಲ್ ಮತ್ತು ಬೇರಿಂಗ್‌ಗಳದ್ದು. ಎಂಜಿನ್ ಬಲವಾಯಿತೆಂದು ಅದು ಬೆಳೆಯುವುದಿಲ್ಲ. ಟಯರಿನ ಗಾಳಿ, ಕಾರನ್ನು ಬಿಗಿಯುವ ಬೆಲ್ಟಿನ ಎಳೆತ, ಗೇರ್ ಆಯಿಲಿನ ಬಿಸಿ ಬದಲಾದರೂ ಅಂಕಿ ಬದಲಾಗುತ್ತದೆ. ಹೆಡ್ ಕೆಲಸಕ್ಕೆ ಮೊದಲು ಮತ್ತು ನಂತರ ಅದೇ ಡೈನೊ, ಅದೇ ಗೇರ್, ಅದೇ ಟಯರ್ ಪ್ರೆಷರ್ ಇರಲಿ. ಬೇರೆ ಡೈನೊದ ಚೀಟಿ ತಂದರೆ ನಾನು ಹೋಲಿಸುವುದಿಲ್ಲ.

6. ಡೈನೊ ಇಲ್ಲದವರಿಗೆ ಸ್ಟಾಪ್‌ವಾಚ್ ಇದೆ.

ಮಟ್ಟಸವಾದ, ಖಾಲಿ ರಸ್ತೆ. ಪಕ್ಕದಲ್ಲಿ ಕುಳಿತವರು ಜಿಪಿಎಸ್ ವೇಗ ನೋಡಿ ಸಮಯ ಹಿಡಿಯಲಿ. ಹಳೆಯ ಸ್ಪೀಡೊಮೀಟರ್ ನಂಬುವಂಥದ್ದಲ್ಲ. ಮೂರನೇ ಗೇರಿನಲ್ಲಿ ಪೆಡಲ್ ಪೂರ್ತಿ ಒತ್ತಿ 50ರಿಂದ 70 ಕಿ.ಮೀ.ಗೆ ಎಷ್ಟು ಸೆಕೆಂಡ್? ಬಳಿಕ ನ್ಯೂಟ್ರಲ್‌ನಲ್ಲಿ 70ರಿಂದ 50ಕ್ಕೆ ಇಳಿಯಲು ಎಷ್ಟು? ಜನ ಸೇರಿ 1000 ಕೆ.ಜಿ. ತೂಗುವ ಕಾರು ಎಂದಿಟ್ಟುಕೊಳ್ಳಿ. ಆ ಎರಡು ವೇಗಗಳ ನಡುವಿನ ಚಲನಶಕ್ತಿಯ ವ್ಯತ್ಯಾಸ ಸುಮಾರು 92,600 ಜೂಲ್. ಏರಲು 8 ಸೆಕೆಂಡ್ ಹಿಡಿದರೆ 11.6 ಕಿಲೊವ್ಯಾಟ್. ಇಳಿಯಲು 18 ಸೆಕೆಂಡ್ ಆದರೆ ಗಾಳಿ ಮತ್ತು ಟಯರು ತಿನ್ನುತ್ತಿರುವುದು 5.1. ಕೂಡಿದರೆ 16.7 ಕಿಲೊವ್ಯಾಟ್, ಅಂದರೆ ಆ ವೇಗದಲ್ಲಿ ಚಕ್ರಕ್ಕೆ ತಲುಪುತ್ತಿರುವುದು 22 ಎಚ್‌ಪಿಗಿಂತ ಚೂರು ಮೇಲೆ. ತಿರುಗುವ ಭಾಗಗಳ ಜಡತ್ವ ಬಿಟ್ಟ ಲೆಕ್ಕವಾದ್ದರಿಂದ ನಿಜ ಇನ್ನೂ ಸ್ವಲ್ಪ ಹೆಚ್ಚೇ ಇರುತ್ತದೆ. ಎರಡೂ ದಿಕ್ಕಿನಲ್ಲಿ ಓಡಿಸಿ ಸರಾಸರಿ ತೆಗೆಯಿರಿ, ಇಳಿಜಾರು ಮತ್ತು ಗಾಳಿಯ ಪಕ್ಷಪಾತ ಹೋಗುತ್ತದೆ.

ಕಾರನ್ನು ವೇ ಬ್ರಿಜ್‌ನಲ್ಲಿ ತೂಗಿಸಿ ತನ್ನಿ. ತೂಕ ಊಹಿಸಿದರೆ ಉತ್ತರವೂ ಊಹೆಯೇ.

7. ಗರಿಷ್ಠ ಎಚ್‌ಪಿಗಿಂತ ನಡುವಿನ ಎಳೆತ ದೊಡ್ಡದು.

1959ರ ಮಿನಿಯ 848 ಸಿಸಿ ಎಂಜಿನ್‌ಗೆ 5500 ಆರ್‌ಪಿಎಂನಲ್ಲಿ 34 ಎಚ್‌ಪಿ. ಅಲ್ಲಿ ಟಾರ್ಕ್ ಲೆಕ್ಕ ಹಾಕಿದರೆ 44 ನ್ಯೂಟನ್ ಮೀಟರ್. ಆದರೆ 2900ರಲ್ಲಿ ಅದೇ ಎಂಜಿನ್ ಸುಮಾರು 60 ಕೊಡುತ್ತದೆ, ಎಚ್‌ಪಿ ಆಗ 24. ನಾವು ದಿನವೂ ಓಡಿಸುವುದು ಈ 2900ರ ಸುತ್ತಲೇ. ಕ್ಯಾಮ್ ಬದಲಿಸಿ ತುದಿಯಲ್ಲಿ ಐದು ಎಚ್‌ಪಿ ಗಳಿಸಿ, ಕೆಳಗೆ ಎಳೆತ ಕಳೆದುಕೊಂಡ ಕಾರು ಪೇಟೆಯ ಟ್ರಾಫಿಕ್ಕಿನಲ್ಲಿ ಹಿಂಸೆ. ಡೈನೊದವರು ಬರಿಯ ಸಂಖ್ಯೆ ಹೇಳಿದರೆ ಸಾಲದು, ಪೂರ್ತಿ ಗ್ರಾಫ್ ಕೇಳಿ ಪಡೆಯಿರಿ.

8. ತೂಕದಿಂದ ಭಾಗಿಸಿ ನೋಡಿ.

ಪದ್ಮಿನಿಯ 1089 ಸಿಸಿ ಎಂಜಿನ್ ಮತ್ತು ಮೊದಲ ಮಾರುತಿಯ 796 ಸಿಸಿ ಎಂಜಿನ್, ಎರಡಕ್ಕೂ ಹೇಳುವುದು 40ರ ಆಸುಪಾಸು. ಪದ್ಮಿನಿ ಹತ್ತಿರ ಹತ್ತಿರ 900 ಕೆ.ಜಿ., ಮಾರುತಿ 650ರ ಅಕ್ಕಪಕ್ಕ. ಟನ್ನಿಗೆ ಒಂದಕ್ಕೆ 45 ಎಚ್‌ಪಿಯೂ ಇಲ್ಲ, ಇನ್ನೊಂದಕ್ಕೆ 60. ಮಾರುತಿ ಬಂದಾಗ ಹಳೆಯ ಕಾರುಗಳನ್ನು ಹಿಂದಿಕ್ಕಿ ಓಡಿದ್ದರ ಗುಟ್ಟಿನಲ್ಲಿ ದೊಡ್ಡ ಪಾಲು ಈ ಭಾಗಾಕಾರದ್ದು. ನಾಲ್ಕು ಜನ ಹತ್ತಿದರೆ ಮಾರುತಿಯ ಲಾಭ ಎಷ್ಟು ಬೇಗ ಕರಗುತ್ತದೆ ಎಂಬುದೂ ಇದರಲ್ಲೇ ಇದೆ.

9. ಬೋರಿಂಗ್‌ನಿಂದ ಹೆಚ್ಚು ನಿರೀಕ್ಷಿಸಬೇಡಿ.

ಪದ್ಮಿನಿಯ 68 ಮಿ.ಮೀ. ಬೋರ್ 69 ಆದರೆ 1089 ಸಿಸಿ 1122 ಆಗುತ್ತದೆ. ಶೇ 3. ಕಾಗದದ ಮೇಲೆ ಹೆಚ್ಚೆಂದರೆ ಒಂದೂಕಾಲು ಎಚ್‌ಪಿ. ಬೋರಿಂಗ್ ಆದ ಮೇಲೆ ಕಾರು ಜಿಗಿಯುತ್ತದೆ ಎಂದರೆ ಅದು ಹೊಸ ರಿಂಗುಗಳು ಕಂಪ್ರೆಷನ್ ಹಿಡಿದಿಟ್ಟದ್ದರ ಫಲ. ಸಿಲಿಂಡರ್ ಗೋಡೆ ಇನ್ನೂ ಅಳತೆಯೊಳಗಿದ್ದರೆ ಲೋಹ ಕೊರೆಸದೆ ರಿಂಗ್ ಹಾಕಿಸಿ, ವಾಲ್ವ್ ಗ್ರೈಂಡ್ ಮಾಡಿಸಿ. ಆ ಬ್ಲಾಕಿಗೆ ಮುಂದೊಂದು ದಿನ ಆ ಲೋಹ ಬೇಕಾಗುತ್ತದೆ.