ಎಚ್ಚರಿಕೆಯ ಮಿತಿಯೂ ಸತ್ಯದ ಉತ್ತರವೂ

ಗಣಕಯಂತ್ರದ ಅಂಗಗಳಿಗೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು ಆಡಳಿತ ನಡೆಸುವ ಮೂಲಭಾಗಕ್ಕೆ ಕರ್ನೆಲ್ ಎಂದು ಹೆಸರು. 1991ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಪ್ರಕಟಿಸಿದ ಲಿನಕ್ಸ್ ಕರ್ನೆಲ್ಲು ತನ್ನೊಳಗೆ ಕಂಡ ಲೋಪದೋಷಗಳನ್ನು ದಿನಚರಿಯಲ್ಲಿ ಬರೆದಿಡುವುದುಂಟು.

ಆದರೆ ಬರೆಯುವುದಕ್ಕೂ ಕಾಲ ಬೇಕಷ್ಟೆ. ಸೆಕೆಂಡಿಗೆ 115200 ಬಿಟ್ ಸಾಗಿಸುವ ಸೀರಿಯಲ್ ತಂತಿಯಲ್ಲಿ ಸುಮಾರು 11520 ಅಕ್ಷರಗಳು, ಎಂದರೆ 80 ಅಕ್ಷರಗಳ 144 ಸಾಲುಗಳು ಮಾತ್ರ ಹೋಗಬಲ್ಲವು. ಒಂದೇ ದೋಷವು ಸೆಕೆಂಡಿಗೆ ಸಾವಿರ ಸಲ ಘಟಿಸಿದರೆ ಯಂತ್ರವು ಕೆಲಸ ಬಿಟ್ಟು ದೂರು ಬರೆಯುತ್ತಲೇ ಕೂರಬೇಕಾದೀತು! ಆದುದರಿಂದ ಲಿನಕ್ಸಿನಲ್ಲಿ ರೇಟ್‌ಲಿಮಿಟ್ ಎಂಬ ಏರ್ಪಾಡಿದೆ. ವಾಡಿಕೆಯ ಮಿತಿ 5 ಸೆಕೆಂಡಿಗೆ 10 ಸಂದೇಶಗಳು. ಬರೆಯಬಹುದಾದರೆ ಅದರ ಉತ್ತರ 1, ಸುಮ್ಮನಿರಬೇಕಾದರೆ 0.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ವಾರ್ನ್-ಆನ್ ಎಂಬ ಮ್ಯಾಕ್ರೋ, ಕೊಟ್ಟ ಷರತ್ತು ನಿಜವಾದರೆ ಎಚ್ಚರಿಕೆ ಬರೆದು, ಆ ಷರತ್ತಿನ ಸತ್ಯಾಸತ್ಯವನ್ನೇ ಉತ್ತರವಾಗಿ ಹಿಂದಿರುಗಿಸುತ್ತದೆ. ಬರೆದವರು ಆ ಉತ್ತರವನ್ನು ನಂಬಿ, "ದೋಷವಿದ್ದರೆ ಇಲ್ಲಿಂದಲೇ ಹಿಂದಿರುಗು" ಎಂದು ಆಜ್ಞೆ ಕೊಡುತ್ತಾರೆ. ಇದರ ಮಿತಿಯುಳ್ಳ ರೂಪವಾದ ವಾರ್ನ್-ಆನ್-ರೇಟ್‌ಲಿಮಿಟ್, ಮೊದಲು ಷರತ್ತನ್ನೂ ಬರೆಯುವ ಅಪ್ಪಣೆಯನ್ನೂ ಒಟ್ಟುಗೂಡಿಸಿ ವಾರ್ನ್-ಆನ್‌ಗೆ ಒಪ್ಪಿಸುತ್ತಿತ್ತು. ಇದರಿಂದಾದುದೇನು? 5 ಸೆಕೆಂಡಿನಲ್ಲಿ ದೋಷ 1000 ಸಲ ಬಂದಿತೆನ್ನಿ. ಮೊದಲ 10 ಸಲ "ದೋಷವುಂಟು" ಎಂಬ ಉತ್ತರ. ಉಳಿದ 990 ಸಲ "ದೋಷವಿಲ್ಲ" ಎಂಬ ಉತ್ತರ! ದೋಷ ಹೆಚ್ಚಿದಷ್ಟೂ ಕಾವಲು ಸಡಿಲವಾಯಿತು.

ಏರಿ ಒಡೆದಾಗ ಕೂಗಿ ಕೂಗಿ ತಳವಾರನ ಗಂಟಲು ಕಟ್ಟಬಹುದು. ಹಾಗೆಂದು ಏರಿ ಮುಚ್ಚಿಕೊಂಡಿತೆಂದು ತಿಳಿದು ಗುದ್ದಲಿ ಕೆಳಗಿಡುವವರುಂಟೇ?

ಪರಿಹಾರ ಬಹು ಸರಳ. ಮೊದಲು ಷರತ್ತಿನ ಸತ್ಯವನ್ನು ಒಂದು ಚರಾಕ್ಷರದಲ್ಲಿ ಕಾದಿಡುವುದು. ಬಳಿಕ ಅಪ್ಪಣೆಯಿದ್ದರೆ ಮಾತ್ರ ಬರೆಯುವುದು. ಕೊನೆಗೆ, ಬರೆದರೂ ಬರೆಯದಿದ್ದರೂ, ಕಾದಿಟ್ಟ ಸತ್ಯವನ್ನೇ ಹಿಂದಿರುಗಿಸುವುದು. ಲಿನಕ್ಸಿನಲ್ಲಿ ಈ ಮ್ಯಾಕ್ರೋವನ್ನು ಆಮೇಲೆ ಹೀಗೆಯೇ ತಿದ್ದಲಾಯಿತು. ಪ್ರಿಂಟ್‌ಕೆ-ರೇಟ್‌ಲಿಮಿಟೆಡ್ ಎಂಬ ಇನ್ನೊಂದು ಮ್ಯಾಕ್ರೋ ಬರೆಯುವುದಕ್ಕಷ್ಟೇ ಮೀಸಲು. ಅದು ಯಾವ ಉತ್ತರವನ್ನೂ ಕೊಡುವುದಿಲ್ಲ. ಆದಕಾರಣ ಅಲ್ಲಿ ಈ ಭ್ರಮೆಗೆ ಎಡೆಯಿಲ್ಲ.

"ಆಯಿತೇ?" ಎಂಬುದೊಂದು ಪ್ರಶ್ನೆ, "ಹೇಳಿದೆವೇ?" ಎಂಬುದು ಮತ್ತೊಂದು. ಎರಡನೆಯದಕ್ಕೆ ಮಿತಿ ಹಾಕಬಹುದು, ಮೊದಲನೆಯದಕ್ಕೆ ಸಲ್ಲದು. ಕ್ರಮವಿಧಿ ಬರೆಯಲು ಹೊರಟ ನಾವೆಲ್ಲರೂ ಈ ಭೇದವನ್ನು ನೆನಪಿನಲ್ಲಿಡುವುದು ಲೇಸು.