ಅಳಿಸುವ ಮುಂಚೆ

ಮದಲೂರು

ಚಿ. ಪುಟ್ಟಿಗೆ,

ನೀನು ಫೋನಿನಲ್ಲಿ ಹೇಳಿದ ಸಂಗತಿ ಮನಸ್ಸು ಬಿಟ್ಟು ಹೋಗುತ್ತಿಲ್ಲ ಕಣಮ್ಮ. ಹಾಸ್ಟೆಲಿನ ನಿನ್ನ ಗೆಳತಿಯ ಫೋಟೊ ಕದ್ದು, ಅಸಹ್ಯವಾಗಿ ತಿದ್ದಿ, ಅವಳ ಹೆಸರಿನಲ್ಲೇ ಖಾತೆ ತೆರೆದು ಹಾಕಿದ್ದಾರೆ. ವಿಷಯ ತಿಳಿದ ದೊಡ್ಡವರು, ಎಲ್ಲರೂ ಡಿಲೀಟ್ ಮಾಡಿ ಸುಮ್ಮನಾಗಿ, ಕಾಲೇಜಿನ ಹೆಸರು ಹಾಳಾಗುತ್ತೆ ಅಂದರಂತೆ. ಹುಡುಗಿಯ ಮಾನ ಉಳಿಯಲಿ ಎಂಬ ಕಾಳಜಿಯೂ ಅದರಲ್ಲಿ ಇರಬಹುದು. ಆದರೆ ಆ ಸಲಹೆಯಿಂದ ಬಚಾವಾಗುವವನು ತಪ್ಪು ಮಾಡಿದವನೊಬ್ಬನೇ. ಕೋರ್ಟಿನಲ್ಲಿ ಗುಮಾಸ್ತನಾಗಿ ಕೂದಲು ಹಣ್ಣು ಮಾಡಿಕೊಂಡವನು ನಾನು. ಇದನ್ನು ಫೋನಿನಲ್ಲಿ ಎರಡು ಮಾತಾಡಿ ಬಿಡಲಾಗದೆ ಕಾಗದ ಬರೆಯುತ್ತಿದ್ದೇನೆ.

ನಮ್ಮ ಕಾಲದಲ್ಲಿ ಕೋರ್ಟಿಗೆ ಸಾಕ್ಷ್ಯವಾಗಿ ಬರುವ ಮುದ್ದೆಮಾಲು ಎಂದರೆ ಕುಡುಗೋಲು, ರಕ್ತದ ಕಲೆಯ ಅಂಗಿ, ಕಳ್ಳನೋಟು. ಪಂಚರ ಎದುರು ಮಹಜರು ಬರೆದು, ಬಟ್ಟೆಯಲ್ಲಿ ಹೊಲಿದು, ಅರಗಿನ ಮುದ್ರೆ ಒತ್ತಿ, ಪಂಚರ ಸಹಿಯ ಚೀಟಿ ಅಂಟಿಸಿ ತರುತ್ತಿದ್ದರು. ಯಾವ ದಿನ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬುದು ರಿಜಿಸ್ಟರಿನಲ್ಲಿ ಇರಲೇಬೇಕು. ಮುದ್ರೆ ಒಡೆದಿದ್ದರೆ, ತಾರೀಖು ತಾಳೆಯಾಗದಿದ್ದರೆ, ಆರೋಪಿ ಪರ ವಕೀಲರು ಮೊದಲು ಹಿಡಿಯುತ್ತಿದ್ದುದೇ ಅದನ್ನು. ಫೋನಿನೊಳಗಿನ ಸಾಕ್ಷ್ಯಕ್ಕೂ ಅದೇ ಕಟ್ಟುನಿಟ್ಟು. ಅರಗಿನ ಜಾಗದಲ್ಲಿ ಈಗ ಹ್ಯಾಶ್ ಎಂಬುದೊಂದು ಬಂದಿದೆ. ಕಡತವೊಂದಕ್ಕೆ ಲೆಕ್ಕ ಹಾಕಿ ತೆಗೆದ ಉದ್ದನೆಯ ಸಂಕೇತ ಅದು, ಹೆಬ್ಬೆಟ್ಟಿನ ಗುರುತಿದ್ದ ಹಾಗೆ. ಚಿತ್ರದ ಒಂದು ಚುಕ್ಕಿ ಬದಲಾದರೂ ಆ ಸಂಕೇತ ಬೇರೆಯೇ ಆಗಿಬಿಡುತ್ತದೆ.

ಅಳಿಸಿಬಿಟ್ಟರೆ ಏನಾಗುತ್ತದೆ ಎಂಬುದನ್ನು ಉಡುಪಿಯಲ್ಲಿ ನೋಡಿದ್ದೇವೆ. 2023ರ ಜುಲೈನಲ್ಲಿ ಅಲ್ಲಿನ ಅರೆವೈದ್ಯಕೀಯ ಕಾಲೇಜೊಂದರ ಶೌಚಾಲಯದಲ್ಲಿ ವಿದ್ಯಾರ್ಥಿನಿಯೊಬ್ಬಳ ವಿಡಿಯೊ ತೆಗೆದರೆಂದು ಮೂವರು ಸಹಪಾಠಿಗಳ ಮೇಲೆ ಆರೋಪ ಬಂತು. ವಿಡಿಯೊ ಆಗಲೇ ಡಿಲೀಟ್ ಆಗಿತ್ತು. ಮೂವರನ್ನೂ ಕಾಲೇಜು ಅಮಾನತು ಮಾಡಿತು. ನೊಂದ ಹುಡುಗಿ ಮೊದಲಿಗೆ ದೂರು ಕೊಡಲಿಲ್ಲ. ಪೊಲೀಸರು ತಾವಾಗಿಯೇ ಪ್ರಕರಣ ದಾಖಲಿಸಿದರು. ಫೋನುಗಳು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋದವು, ತನಿಖೆ ಸಿಐಡಿ ಕೈಗೆ ಹೋಯಿತು. ಅಷ್ಟರೊಳಗೆ ನಿಜವಾದ ಸಾಕ್ಷ್ಯ ಇರಬೇಕಾಗಿದ್ದ ಜಾಗವನ್ನು ಸುಳ್ಳು ತುಂಬಿಕೊಂಡಿತ್ತು. ಆ ಕಾಲೇಜಿನದೆಂದು ತಿರುಚಿದ ವಿಡಿಯೊ ಹರಿಬಿಟ್ಟರು. ಅದಕ್ಕೆ ಬೇರೆಯೇ ಪ್ರಕರಣವಾಯಿತು. ಮಾತಿಗೆ ಧರ್ಮದ ಬಣ್ಣ ಹತ್ತಿತು. ಗುಪ್ತ ಕ್ಯಾಮೆರಾ ಇಟ್ಟಿದ್ದರೆಂಬುದು ವದಂತಿ ಎಂದು ರಾಷ್ಟ್ರೀಯ ಮಹಿಳಾ ಆಯೋಗದ ಅಂದಿನ ಸದಸ್ಯೆ ಖುಷ್ಬು ಸುಂದರ್ ಉಡುಪಿಗೇ ಬಂದು ಹೇಳಬೇಕಾಯಿತು. ಈ ಗದ್ದಲದ ನಡುವೆ ಆ ಹುಡುಗಿಯ ಸಂಕಟ ಯಾರಿಗೂ ಕಾಣಲಿಲ್ಲ ಎಂಬುದೇ ನನ್ನ ಹೊಟ್ಟೆ ಉರಿಸಿದ್ದು.

ಅದಕ್ಕೇ ಹೇಳುತ್ತೇನೆ ಪುಟ್ಟೀ, ನಿನ್ನ ಗೆಳತಿ ಏನನ್ನೂ ಅಳಿಸುವುದು ಬೇಡ. ಆ ನಕಲಿ ಖಾತೆಯ ಪೂರ್ತಿ ಲಿಂಕ್, ಬಳಕೆದಾರನ ಹೆಸರು, ನೋಡಿದ ದಿನ, ಗಂಟೆ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದಿಡಲಿ. ಸ್ಕ್ರೀನ್‌ಶಾಟ್ ತೆಗೆಯುವಾಗ ತಾರೀಖು, ಖಾತೆಯ ಹೆಸರು ಎರಡೂ ಕಾಣುವಂತಿರಲಿ. ಕತ್ತರಿಸುವುದು, ಮುಖಕ್ಕೆ ಮಸಿ ಬಳಿಯುವುದು ಬೇಡ. ವಾಟ್ಸಾಪ್‌ನಲ್ಲಿ ತಾನಾಗಿ ಮಾಯವಾಗುವ ಸಂದೇಶಗಳ ವ್ಯವಸ್ಥೆ ಇದೆಯಲ್ಲ, ಅದನ್ನು ಮೊದಲು ನಿಲ್ಲಿಸಲಿ. ಬೆದರಿಕೆ ಏನಾದರೂ ಬಂದಿದ್ದರೆ ಆ ಫೋನನ್ನು ರಿಪೇರಿಗೆ ಕೊಡುವುದು, ರೀಸೆಟ್ ಮಾಡುವುದು ಕೂಡದು. ಇನ್ನೊಂದು ಎಚ್ಚರಿಕೆ. ಚಿತ್ರದಲ್ಲಿರುವವರು 18 ತುಂಬದವರಾದರೆ ಚಿತ್ರವನ್ನು ಯಾರೂ ಇಳಿಸಿಟ್ಟುಕೊಳ್ಳಬಾರದು, ಯಾರಿಗೂ ಕಳಿಸಬಾರದು. ಅಂಥದ್ದನ್ನು ಇಟ್ಟುಕೊಳ್ಳುವುದೂ ಅಪರಾಧವಾಗಬಹುದೆಂದು 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಲಿಂಕ್ ಬರೆದುಕೊಂಡರೆ ಸಾಕು.

ಖಾತೆ ಕಾಣದಂತಾಗಲಿ ಎಂದು ಅವಳಿಗೆ ಅವಸರವಿರುವುದು ಸಹಜವೇ. ಈ ಗುರುತುಗಳನ್ನು ಉಳಿಸಿಕೊಂಡ ಮೇಲೆ ಆ ಖಾತೆ ಇರುವ ಜಾಲತಾಣದ ಕಂಪನಿಗೇ ದೂರು ಕೊಡಲಿ. ಇಂಥ ಚಿತ್ರದ ಮೇಲೆ ನೊಂದವರೇ ದೂರಿತ್ತರೆ ಕಂಪನಿ ಒಂದು ದಿನದೊಳಗೆ ಕ್ರಮ ಕೈಗೊಳ್ಳಬೇಕೆಂದು 2021ರ ನಿಯಮ ಹೇಳಿತ್ತು, 2026ರ ಫೆಬ್ರುವರಿಯಿಂದ ಆ ಗಡುವು ಎರಡೇ ಗಂಟೆ. 18 ದಾಟಿದವರಿಗೆ ಸ್ಟಾಪ್‌ಎನ್‌ಸಿಐಐ ಎಂಬ ತಾಣವೂ ಇದೆ. ಅಲ್ಲಿ ಚಿತ್ರ ನಿಮ್ಮ ಫೋನು ಬಿಟ್ಟು ಹೋಗುವುದಿಲ್ಲ, ಅದರ ಹ್ಯಾಶ್ ಮಾತ್ರ ಹೋಗುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಅದನ್ನು ನೋಡಿ ಅದೇ ಚಿತ್ರವನ್ನು ತಡೆಯುತ್ತವೆ. ಕೋರ್ಟಿನಲ್ಲಿ ಸತ್ಯ ತೋರಿಸುವ ಸಂಕೇತದ ಇನ್ನೊಂದು ಬಗೆ ಇಲ್ಲಿ ಮಾನವನ್ನೂ ಕಾಯುತ್ತದೆ.

ದೂರು ಎಲ್ಲಿ ಎಂದು ಕೇಳಿದ್ದೆ. ತುಮಕೂರಿನಲ್ಲಿ ಸೈಬರ್ ಪ್ರಕರಣಗಳನ್ನು ನೋಡುವ ಪೊಲೀಸ್ ಠಾಣೆ ಇದೆ. ಸೈಬರ್ ಅಪರಾಧದ ರಾಷ್ಟ್ರೀಯ ಪೋರ್ಟಲ್ ಇದೆ. ದುಡ್ಡು ಹೋಗಿದ್ದರೆ ಒಂದು ನಿಮಿಷವೂ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಅವಳು ಊರಿಗೆ ಹೋಗಿದ್ದರೆ ಮಧುಗಿರಿಯಲ್ಲೋ ಪಾವಗಡದಲ್ಲೋ ಇರುವ ಠಾಣೆಯಲ್ಲೂ ಕೊಡಬಹುದು. ಘಟನೆ ನಮ್ಮ ಸರಹದ್ದಿನದಲ್ಲ ಎಂದು ವಾಪಸು ಕಳಿಸುವಂತಿಲ್ಲವೆಂದು 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಹೇಳುತ್ತದೆ. ಕದ್ದು ಚಿತ್ರ ತೆಗೆಯುವುದು, ಬೆನ್ನುಹತ್ತಿ ಕಾಡುವುದು ಮುಂತಾದ ಪ್ರಕರಣಗಳಲ್ಲಿ ಹೆಣ್ಣುಮಗಳ ಮಾತನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಯಾವ ಕಲಂ ಹಾಕಬೇಕೆಂಬುದು ಪೊಲೀಸರ ಕೆಲಸ. ಏನಾಯಿತೆಂದು ಹೇಳುವುದಷ್ಟೇ ಅವಳದು. ದೂರಿನ ಪ್ರತಿಯನ್ನು ಮಾತ್ರ ಕೇಳಿ ಪಡೆದುಕೊಳ್ಳಿ.

ಇನ್ನು ಕಾಲೇಜಿನ ಮಾತು. ಇದನ್ನು ನಿಮ್ಮ ಪ್ರಾಂಶುಪಾಲರಿಗೆ ಓದಿ ಹೇಳಿದರೂ ಸರಿ. ಅನುಮಾನ ಬಂದ ಹುಡುಗನ ಫೋನು ಕಿತ್ತುಕೊಂಡು, ಸ್ಟಾಫ್ ರೂಮಿನಲ್ಲಿ ನಾಲ್ಕು ಮಂದಿ ಕೂತು ತಡಕಾಡುವ ರೂಢಿ ಎಷ್ಟೋ ಕಡೆ ಇದೆ. ತೆರೆದಷ್ಟೂ ಫೋನಿನೊಳಗಿನ ದಾಖಲೆ ಕದಡುತ್ತದೆ, ನಾಳೆ ನೀವೇ ತುರುಕಿದಿರಿ ಎಂದು ವಕೀಲರು ಕೇಳಿದರೆ ಉತ್ತರವಿರುವುದಿಲ್ಲ. ಆ ಹುಡುಗನಿಗೂ ಖಾಸಗಿತನದ ಹಕ್ಕಿದೆ. 2017ರಲ್ಲಿ ಆ ಹಕ್ಕನ್ನು ಸುಪ್ರೀಂ ಕೋರ್ಟಿನಲ್ಲಿ ಗೆದ್ದುಕೊಟ್ಟ ಅರ್ಜಿ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರದು. ಪೊಲೀಸರು ಫೋನನ್ನು ಹೇಗೆ ವಶಪಡಿಸಿಕೊಳ್ಳಬೇಕೆಂದು 2021ರಲ್ಲಿ ವೀರೇಂದ್ರ ಖನ್ನಾ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ ಬಿಡಿಸಿ ಹೇಳಿದೆ. ಸಿಗ್ನಲ್ ತಾಗದ ಚೀಲದಲ್ಲಿಡಬೇಕು, ಚಾಲೂ ಇದ್ದರೆ ಏರೋಪ್ಲೇನ್ ಮೋಡಿಗೆ ಹಾಕಬೇಕು, ಬ್ಯಾಟರಿ ಇಳಿಯದಂತೆ ನೋಡಿಕೊಳ್ಳಬೇಕು. ಪೊಲೀಸರಿಗೇ ಇಷ್ಟು ಕಟ್ಟಳೆ ಇರುವಾಗ ಮೇಷ್ಟ್ರುಗಳು ಕೈಹಾಕುವುದು ಸರಿಯಲ್ಲ.

ಕಾಲೇಜು ಮಾಡಬೇಕಾದ ಕೆಲಸ ಬೇರೆಯೇ ಇದೆ. ಸಿಸಿಟಿವಿ ಪೆಟ್ಟಿಗೆ ತುಂಬಿದ ಮೇಲೆ ಹಳೆಯದರ ಮೇಲೆ ಹೊಸದನ್ನು ಬರೆದುಕೊಳ್ಳುತ್ತದೆ. ಆದ್ದರಿಂದ ದೂರು ಬಂದ ದಿನವೇ ಬೇಕಾದ ಭಾಗ ತೆಗೆದಿಡಬೇಕು. ಆ ಪೆಟ್ಟಿಗೆಯ ಗಡಿಯಾರ ಎಷ್ಟೋ ವೇಳೆ ಹಿಂದೆ ಮುಂದೆ ಇರುತ್ತದೆ, ಆ ವ್ಯತ್ಯಾಸವನ್ನೂ ಬರೆದಿಡಬೇಕು. ವೈಫೈಗೆ ಯಾವ ಹೊತ್ತಿನಲ್ಲಿ ಯಾರ ಹೆಸರಿನಿಂದ ಲಾಗಿನ್ ಆಯಿತೆಂಬ ದಾಖಲೆ ಜೋಪಾನವಾಗಿರಬೇಕು. ಇಂಥ ದಾಖಲೆಗಳನ್ನು 180 ದಿನ ಇಡಬೇಕೆಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರಲ್ಲೇ ಕಂಪನಿಗಳಿಗೆ, ಸರ್ಕಾರಿ ಸಂಸ್ಥೆಗಳಿಗೆ ನಿರ್ದೇಶನ ಕೊಟ್ಟಿದೆ. ನಕಲು ಕೋರ್ಟಿಗೆ ಹೋಗುವಾಗ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಜೊತೆಗಿರಬೇಕು. ಅದರಲ್ಲಿ ಎರಡು ಭಾಗ. ಒಂದಕ್ಕೆ ಸಾಧನದ ಹೊಣೆ ಹೊತ್ತವರು ಸಹಿ ಹಾಕಬೇಕು, ಇನ್ನೊಂದಕ್ಕೆ ತಜ್ಞರು, ಹ್ಯಾಶನ್ನೂ ನಮೂದಿಸಬೇಕು. ಹೀಗೆ ಸಹಿ ಹಾಕುವವರು ಯಾರೆಂದು ಕಾಲೇಜು ಇವತ್ತೇ ಗೊತ್ತುಮಾಡಲಿ. ಎಲ್ಲ ಅಳಿಸಿ ಎಂದ ದೊಡ್ಡವರಿಗೂ ಒಂದು ವಿಷಯ ತಿಳಿದಿರಲಿ. ಸಾಕ್ಷ್ಯವಾಗಿ ಹಾಜರಾಗಬಾರದೆಂದು ವಿದ್ಯುನ್ಮಾನ ದಾಖಲೆ ನಾಶ ಮಾಡಿದರೆ ನ್ಯಾಯ ಸಂಹಿತೆಯ 241ನೇ ಕಲಂ ಪ್ರಕಾರ 3 ವರ್ಷದವರೆಗೆ ಜೈಲು.

ನಿನ್ನ ಗೆಳತಿಯ ಮನೆಯವರು ಓದು ಬಿಡಿಸಿಬಿಡುತ್ತಾರೆಂದು ಅವಳು ಹೆದರಿದ್ದಾಳೆ ಅಂದೆಯಲ್ಲ. ನಮ್ಮ ಸೀಮೆಯಲ್ಲಿ ಆ ಭಯ ಸುಳ್ಳಲ್ಲ, ನನಗೆ ಗೊತ್ತು. ಅವಳ ಅಪ್ಪ ಅಮ್ಮನ ಜೊತೆ ಮಾತಾಡಬೇಕಾದರೆ ನನ್ನ ನಂಬರು ಕೊಡು, ಇಲ್ಲವೇ ನಾನೇ ಅವರ ಊರಿಗೆ ಹೋಗಿ ಬರುತ್ತೇನೆ. ಠಾಣೆಗೆ ಅವಳೊಬ್ಬಳನ್ನೇ ಕಳಿಸಬೇಡ, ನೀನು ಜೊತೆಗೆ ಹೋಗು. ಅವಳ ಹೆಸರನ್ನಾಗಲಿ ಆ ಚಿತ್ರವನ್ನಾಗಲಿ ಯಾವ ಗ್ರೂಪಿಗೂ, ಅನುಕಂಪಕ್ಕೂ ಸಹ, ಕಳಿಸಬೇಡಿರೆಂದು ನಿಮ್ಮ ಹಾಸ್ಟೆಲಿನ ಪ್ರತಿ ಹುಡುಗಿಗೂ ಹೇಳು.

ಇಂತಿ ನಿನ್ನ ತಾತ