ಉಪ್ಪು ಎಲ್ಲಿಗೆ ಹೋಯಿತು? ಉಕ್ಕಿನ ಕಾರ್ಖಾನೆಯ ನೀರು ಕಲಿಸಿದ ಪಾಠಗಳು

ಬಳ್ಳಾರಿ ಸೀಮೆಯಲ್ಲಿ ಉಕ್ಕಿನ ಕಾರ್ಖಾನೆಯ ನೀರು ನೋಡಿಕೊಳ್ಳುವವರಿಗೆ ಎರಡು ಕಡೆಯಿಂದ ಒತ್ತಡ. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯ ಹೂಳು ತುಂಬಿ ಈಗ ಸುಮಾರು 105 ಟಿಎಂಸಿಗೆ ಇಳಿದಿದೆ. ಮೂರು ರಾಜ್ಯಗಳ ರೈತರು ಅದೇ ನೀರನ್ನು ನಂಬಿದ್ದಾರೆ. ಬೇಸಿಗೆಯಲ್ಲಿ ಕಾಲುವೆ ನಿಂತಾಗ ಕಾರ್ಖಾನೆಯ ಪೈಪಿನ ಮೇಲೆ ಊರವರ ಕಣ್ಣು ಬೀಳುವುದು ಸಹಜ. ಇನ್ನೊಂದು ಕಡೆ ಸರ್ಕಾರದ ನಿಯಮ. 2003ರಲ್ಲಿ ಕೇಂದ್ರ ಸರ್ಕಾರ ಉದ್ಯಮಗಳೊಂದಿಗೆ ರೂಪಿಸಿದ ಪರಿಸರ ಸನ್ನದಿನ ಪ್ರಕಾರ ಟನ್ ಉಕ್ಕಿಗೆ ಬಳಸುವ ನೀರು ಕಂಬಿ, ಸರಳುಗಳಿಗೆ 5 ಘನ ಮೀಟರಿಗೆ, ಶೀಟು, ಪ್ಲೇಟುಗಳಿಗೆ 8 ಘನ ಮೀಟರಿಗೆ ಇಳಿಯಬೇಕಿತ್ತು. ಚೆನ್ನಾಗಿ ನಡೆಯುವ ಕಾರ್ಖಾನೆಗಳು ಈಗ ಅದಕ್ಕಿಂತ ಬಹಳ ಕೆಳಗಿವೆ.

ಹೀಗೆ ಇಳಿಸುವ ಮುಖ್ಯ ದಾರಿ, ಬಳಸಿದ ನೀರನ್ನೇ ಮತ್ತೆ ಬಳಸುವುದು. ಆದರೆ ಪ್ರತಿ ಸುತ್ತಿಗೂ ನೀರು ಒಂದಷ್ಟು ಆವಿಯಾಗುತ್ತದೆ, ಅದರಲ್ಲಿದ್ದ ಉಪ್ಪು ಹಿಂದೆ ಉಳಿಯುತ್ತದೆ. ಸಾರು ಕುದಿಸಿದಷ್ಟೂ ಉಪ್ಪಾಗುವ ಹಾಗೆ. ಹೊಸದಾಗಿ ಸೇರುವ ಎಂಜಿನಿಯರುಗಳಿಗೆ ನಾನು ಹೇಳಿಕೊಡುವ ಪಾಠಗಳೆಲ್ಲ ಈ ಒಂದು ಸಂಗತಿಯ ಸುತ್ತಲೇ ಇವೆ.

1. ಮೊದಲು ಉಪ್ಪಿನ ಲೆಕ್ಕ ಬರೆಯಿರಿ

ನೀರಿನ ಲೆಕ್ಕ ಎಲ್ಲ ಕಾರ್ಖಾನೆಯಲ್ಲೂ ಇರುತ್ತದೆ. ಉಪ್ಪಿನ ಲೆಕ್ಕ ಇಟ್ಟವರು ಕಡಿಮೆ. ಗಂಟೆಗೆ 1,000 ಘನ ಮೀಟರ್ ನದಿ ನೀರು ಒಳಗೆ ಬರುತ್ತಿದೆ, ಅದರ ಟಿಡಿಎಸ್ (ಕರಗಿದ ಲವಣ) ಲೀಟರಿಗೆ 250 ಮಿಲಿಗ್ರಾಂ ಎಂದಿಟ್ಟುಕೊಳ್ಳಿ. ಕುಡಿಯಲು ಯೋಗ್ಯವಾದ ಸಿಹಿನೀರೇ. ಆದರೂ ಗಂಟೆಗೆ 250 ಕಿಲೋ, ದಿನಕ್ಕೆ 6 ಟನ್ ಉಪ್ಪು ಗೇಟು ದಾಟಿ ಒಳಗೆ ಬಂದಂತಾಯಿತು. ಇದರ ಮೇಲೆ ನಾವೇ ಸುರಿಯುವ ಆಸಿಡ್, ಕಾಸ್ಟಿಕ್, ಫೆರಿಕ್ ಕ್ಲೋರೈಡ್, ಹೈಪೋ, ಸಾಫ್ಟನರ್ ತೊಳೆಯುವ ಉಪ್ಪು.

ಒಳಗೆ ಬಂದಷ್ಟು ಉಪ್ಪು ಯಾವುದಾದರೂ ದಾರಿಯಲ್ಲಿ ಹೊರಗೆ ಹೋಗಲೇಬೇಕು. ದಾರಿ ಮುಚ್ಚಿದರೆ ಪೈಪು, ಕವಾಟ, ಹೀಟ್ ಎಕ್ಸ್‌ಚೇಂಜರುಗಳಲ್ಲಿ ಸೇರಿಕೊಳ್ಳುತ್ತದೆ. ಯಾವ ಯೋಜನೆಯ ಕಾಗದ ಮೇಜಿನ ಮೇಲೆ ಬಂದರೂ ಮೊದಲು ಕೇಳಬೇಕಾದ್ದು, ಈ ಆರು ಟನ್ ಎಲ್ಲಿಗೆ ಹೋಗುತ್ತದೆ ಎಂದು.

2. ಎಲ್ಲ ಚರಂಡಿಯನ್ನೂ ಒಂದೇ ಗುಂಡಿಗೆ ಸೇರಿಸಬೇಡಿ

ರೋಲಿಂಗ್ ಮಿಲ್ಲಿನ ನೀರಿನಲ್ಲಿ ಕಬ್ಬಿಣದ ಹೊಟ್ಟು ಮತ್ತು ಎಣ್ಣೆ. ಬ್ಲಾಸ್ಟ್ ಫರ್ನೇಸಿನ ಅನಿಲ ತೊಳೆದ ನೀರಿನಲ್ಲಿ ಇಂಗಾಲ, ಕಬ್ಬಿಣ, ಸತುವಿನ ನುಣ್ಣನೆಯ ಧೂಳು. ಪಿಕ್ಲಿಂಗ್ ವಿಭಾಗದಿಂದ ಆಸಿಡ್. ಕೋಕ್ ಓವನ್‌ನಿಂದ ಫಿನಾಲ್, ಸೈನೈಡ್, ಅಮೋನಿಯಾ. ಕೂಲಿಂಗ್ ಟವರಿನಲ್ಲಿ ಉಪ್ಪು ಏರದಂತೆ ಹೊರಬಿಡುವ ಬ್ಲೋಡೌನಿನಲ್ಲಿ ಹೆಚ್ಚಾಗಿ ಇರುವುದು ಉಪ್ಪು ಮಾತ್ರ. ಒಂದೊಂದಕ್ಕೂ ಬೇರೆ ಮದ್ದು.

ಬೇರೆಯಾಗಿದ್ದರೆ ಒಂದೊಂದರಿಂದಲೂ ಏನಾದರೂ ಸಿಗುತ್ತದೆ. ಮಿಲ್ ಸ್ಕೇಲ್ ಎಂಬ ಆ ಹೊಟ್ಟಿನಲ್ಲಿ ಸುಮಾರು ಶೇ 70 ಕಬ್ಬಿಣವಿರುತ್ತದೆ, ಸಿಂಟರ್ ಪ್ಲಾಂಟಿಗೆ ವಾಪಸು ಕಳಿಸಬಹುದು. ಎಣ್ಣೆ ಹತ್ತಿದ್ದರೆ ಅಲ್ಲಿನ ಧೂಳು ಹಿಡಿಯುವ ಯಂತ್ರ ಕೆಡುತ್ತದೆ. ಪಿಕ್ಲಿಂಗಿನ ಹೈಡ್ರೋಕ್ಲೋರಿಕ್ ಆಸಿಡನ್ನು ಹುರಿದು ಆಸಿಡನ್ನೂ ಕಬ್ಬಿಣದ ಆಕ್ಸೈಡನ್ನೂ ಮರಳಿ ಪಡೆಯಬಹುದು. ಒಮ್ಮೆ ಬೆರೆತರೆ ಎಲ್ಲವೂ ಬರೀ ಸ್ಲಡ್ಜ್. ಸ್ವಲ್ಪವೇ ಇರುವ ಕೋಕ್ ಓವನ್ ನೀರು ದೊಡ್ಡ ಪ್ರಮಾಣದ ಬ್ಲೋಡೌನನ್ನು ಸೇರಿಕೊಂಡರೆ, ಸ್ವಲ್ಪಕ್ಕೆ ಮಾಡಬೇಕಿದ್ದ ದುಬಾರಿ ಚಿಕಿತ್ಸೆಯನ್ನು ಅಷ್ಟಕ್ಕೂ ಮಾಡಬೇಕಾಗುತ್ತದೆ. ತೆಳುವಾಗಿಸುವ ನೆಪದಲ್ಲಿ ಬೆರೆಸುವುದಂತೂ ಕಾನೂನಿಗೂ ಸಲ್ಲದು, ಲೆಕ್ಕಕ್ಕೂ ಸಲ್ಲದು.

3. ಆರ್‌ಒ ಕೊಳ್ಳುವ ಮುಂಚೆ ಕೂಲಿಂಗ್ ಟವರ್ ಸರಿಮಾಡಿ

ಕಾರ್ಖಾನೆಯ ಬಹುಪಾಲು ನೀರು ಹೋಗುವುದು ಕೂಲಿಂಗ್ ಟವರಿನಿಂದಲೇ. ಗಂಟೆಗೆ 10,000 ಘನ ಮೀಟರ್ ಸುತ್ತುವ ನೀರನ್ನು 10 ಡಿಗ್ರಿ ತಣಿಸುವ ಟವರಿನಲ್ಲಿ ಸುಮಾರು 150 ಘನ ಮೀಟರ್ ಆವಿಯಾಗುತ್ತದೆ. ಅದನ್ನು ತಪ್ಪಿಸಲಾಗದು. ನಮ್ಮ ಕೈಯಲ್ಲಿರುವುದು ಬ್ಲೋಡೌನ್. ಉಪ್ಪನ್ನು ಮೂರು ಪಟ್ಟಿಗೆ ಏರಲು ಬಿಟ್ಟರೆ ಗಂಟೆಗೆ 75 ಘನ ಮೀಟರ್ ಹೊರಬಿಡಬೇಕು. ಐದು ಪಟ್ಟಾದರೆ 38, ಎಂಟಾದರೆ 21, ಹನ್ನೆರಡಾದರೆ 14.

ಈ ಅಂಕಿಗಳನ್ನು ಸರಿಯಾಗಿ ನೋಡಿ. ಮೂರರಿಂದ ಐದಕ್ಕೆ ಹೋದಾಗ ಸಿಕ್ಕ ಲಾಭ ದೊಡ್ಡದು. ಎಂಟರಿಂದ ಹನ್ನೆರಡಕ್ಕೆ ಹೋದರೆ ಸಿಗುವುದು ಏಳು ಘನ ಮೀಟರ್, ಅದಕ್ಕೆ ತೆರುವ ಬೆಲೆ ಗಟ್ಟಿ ಪದರ, ತುಕ್ಕು, ಕೆಮಿಕಲ್ ಬಿಲ್ಲು. ಕ್ಲೋರೈಡ್ ಕೆಲವು ನೂರು ಮಿಲಿಗ್ರಾಂ ದಾಟಿದ ಮೇಲೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಪ್ಲೇಟುಗಳಲ್ಲಿ ಸೂಜಿಮೊನೆಯಷ್ಟು ಗುಳಿ ಬೀಳತೊಡಗುತ್ತದೆ. ಹೊರಗಿನಿಂದ ಹೊಳೆಯುತ್ತಲೇ ಇರುತ್ತದೆ, ಒಳಗೆ ತೂತು. ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವ ಮುಂಚೆ ಆ ಸರ್ಕ್ಯೂಟಿನಲ್ಲಿ ಯಾವ ಲೋಹವಿದೆ ಎಂದು ಡ್ರಾಯಿಂಗ್ ತೆಗೆದು ನೋಡಿ.

4. ಕೆಟ್ಟ ನೀರಿಗೆ ಕೆಲಸ ಕೊಡಿ, ಆದರೆ ಅದರ ಹಿಂದೆ ಹೋಗಿ ನೋಡಿ

ಒಂದು ಕಡೆಯ ಬ್ಲೋಡೌನ್ ಇನ್ನೊಂದು ಕಡೆಯ ಮೇಕಪ್, ಅಂದರೆ ಹೊಸದಾಗಿ ತುಂಬುವ ನೀರು, ಆಗಬಹುದು. ಒಳ್ಳೆಯ ನೀರು ಬಾಯ್ಲರಿಗೆ, ಅದರ ಕೆಳಗಿನದು ಕೂಲಿಂಗಿಗೆ, ಅಲ್ಲಿಂದ ಬಿಟ್ಟದ್ದು ಅನಿಲ ತೊಳೆಯಲು, ಕೊನೆಯದು ಕರಗಿದ ಸ್ಲ್ಯಾಗನ್ನು ತಣಿಸಿ ಹರಳಾಗಿಸಲು, ಅದಿರಿನ ರಾಶಿಯ ಧೂಳು ಅಡಗಿಸಲು. ಕಾಗದದ ಮೇಲೆ ಬಹಳ ಚೆಂದ.

ಈಗ ಉಪ್ಪಿನ ಬೆನ್ನು ಹತ್ತಿ. ಸ್ಲ್ಯಾಗಿಗೆ ಹೋದ ಕ್ಲೋರೈಡ್ ಸಿಮೆಂಟ್ ಕಾರ್ಖಾನೆಗೆ ಹೋಗುತ್ತದೆ. ಸಿಮೆಂಟಿನಲ್ಲಿ ಕ್ಲೋರೈಡ್ ಸಾಮಾನ್ಯವಾಗಿ ಶೇ 0.1 ದಾಟಬಾರದು, ಕೊಳ್ಳುವವರು ಪರೀಕ್ಷೆ ಮಾಡಿಯೇ ಕೊಳ್ಳುತ್ತಾರೆ. ಅದಿರಿನ ರಾಶಿಗೆ ಚಿಮುಕಿಸಿದ ಆರ್‌ಒ ರಿಜೆಕ್ಟ್ ಕನ್ವೇಯರಿನ ಕಬ್ಬಿಣವನ್ನು ತಿನ್ನುತ್ತದೆ, ಮಿಕ್ಕದ್ದು ಸಿಂಟರ್ ಪ್ಲಾಂಟಿನ ಹೊಗೆಯಲ್ಲಿ ತೇಲಿ ಧೂಳುಯಂತ್ರಕ್ಕೆ ಅಂಟುತ್ತದೆ. ಹಿಂದೆ ಕೆಂಡದ ಕೋಕನ್ನು ನಂದಿಸಲು ಸಂಸ್ಕರಿಸಿದ ಕೊಳಕು ನೀರನ್ನೇ ಹಾಕುತ್ತಿದ್ದರು. ಈಗ ಅನೇಕ ಕಡೆ ನೈಟ್ರೋಜನ್ನಿನಿಂದ ಒಣ ಕ್ವೆಂಚಿಂಗ್ ಬಂದಿದೆ. ಶಾಖವೂ ಸಿಗುತ್ತದೆ, ನೀರೂ ಉಳಿಯುತ್ತದೆ. ಆದರೆ ಆ ಕೊಳಕು ನೀರು ಮುಗಿಯುತ್ತಿದ್ದ ಜಾಗವೂ ಅದರೊಂದಿಗೇ ಹೋಯಿತು. ಒಣ ಕ್ವೆಂಚಿಂಗಿನ ಯೋಜನೆ ಬಂದ ದಿನವೇ ನೀರಿನವರು ಆ ಮೀಟಿಂಗಿನಲ್ಲಿ ಕೂತಿರಬೇಕು.

5. ಬಿಒಡಿ ಪ್ಲಾಂಟಿನಲ್ಲಿರುವುದು ಜೀವಿಗಳು, ಪಂಪುಗಳಲ್ಲ

ಕಾರ್ಖಾನೆಯ ಅತ್ಯಂತ ಕಠಿಣ ನೀರು ಕೋಕ್ ಓವನ್ನಿನದು. ಕಲ್ಲಿದ್ದಲನ್ನು ಗಾಳಿಯಿಲ್ಲದೆ ಕಾಯಿಸಿದಾಗ ಬರುವ ಅನಿಲವನ್ನು ತಣಿಸಿದಾಗ ಈ ನೀರು ಇಳಿಯುತ್ತದೆ. ಹತ್ತಿರ ಹೋದರೆ ಫಿನಾಯಿಲ್ ಮತ್ತು ನುಸಿಗುಳಿಗೆ ಸೇರಿದಂಥ ವಾಸನೆ. ಹೊರಬಿಡುವಾಗ ಲೀಟರಿಗೆ ಫಿನಾಲ್ 1 ಮಿಲಿಗ್ರಾಂ, ಸೈನೈಡ್ 0.2, ಅಮೋನಿಯಾ ರೂಪದ ಸಾರಜನಕ 50 ದಾಟಬಾರದು. ಬಿಒಡಿ ಪ್ಲಾಂಟಿನಲ್ಲಿ ಅಷ್ಟಕ್ಕೆ ಇಳಿಸುವ ಕೆಲಸ ಮಾಡುವುದು ಫಿನಾಲನ್ನೇ ತಿಂದು ಬದುಕಲು ಪಳಗಿದ ಬ್ಯಾಕ್ಟೀರಿಯಾ. ಅವಕ್ಕೆ ಬೇಕಿರುವುದು ಏರುಪೇರಿಲ್ಲದ ದಿನಚರಿ. ಅಮೋನಿಯಾವನ್ನು ಮೊದಲೇ ಆವಿಯಾಗಿಸಿ ತೆಗೆಯುವ ಸ್ಟಿಲ್ಲಿಗೆ ಸ್ಟೀಮ್ ಕಡಿಮೆಯಾದರೆ ಒಂದೇ ಶಿಫ್ಟಿನಲ್ಲಿ ಅಮೋನಿಯಾ ನುಗ್ಗುತ್ತದೆ. ತಡೆಯಲು ಮುಂದೆ ಒಂದು ದೊಡ್ಡ ಸಮತೋಲನ ಟ್ಯಾಂಕು ಬೇಕೇ ಬೇಕು.

ಹೊಸಬರನ್ನು ಗಲಿಬಿಲಿ ಮಾಡುವ ಒಂದು ಸಂಗತಿ ಹೇಳುತ್ತೇನೆ. ಕೆಲವೊಮ್ಮೆ ಒಳಬರುವ ನೀರಿಗಿಂತ ಹೊರಹೋಗುವ ನೀರಿನಲ್ಲೇ ಅಮೋನಿಯಾ ಜಾಸ್ತಿ ಬರುತ್ತದೆ. ಲ್ಯಾಬಿನವರನ್ನು ಬೈಯುವ ಅಗತ್ಯವಿಲ್ಲ. ನೀರಿನಲ್ಲಿರುವ ಥಯೋಸಯನೇಟನ್ನು ಬ್ಯಾಕ್ಟೀರಿಯಾ ಒಡೆದಾಗ ಅಮೋನಿಯಾ ಹುಟ್ಟುತ್ತದೆ. ಅದನ್ನು ನೈಟ್ರೇಟ್ ಮಾಡುವ ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ನಿಧಾನವಾಗಿ ಬೆಳೆಯುವಂಥವು, ಫಿನಾಲ್ ಇದ್ದಲ್ಲಿ ಕೆಲಸ ಮಾಡವು. ಒಂದು ಗ್ರಾಂ ಅಮೋನಿಯಾ ಸಾರಜನಕಕ್ಕೆ ಅವು ಏಳು ಗ್ರಾಂಗೂ ಹೆಚ್ಚು ಕ್ಷಾರ ಕೇಳುತ್ತವೆ. ಸೋಡಾ ಹಾಕದೆ ಗಾಳಿ ಮಾತ್ರ ಹೆಚ್ಚಿಸಿದರೆ ಪಿಎಚ್ ಕುಸಿದು ಎಲ್ಲ ನಿಲ್ಲುತ್ತದೆ.

ಉಪಕರಣಗಳ ಜೊತೆಗೆ ಕಣ್ಣೂ ಬೇಕು. ಟ್ಯಾಂಕಿನ ಮೇಲೆ ತೆಳು ಕಂದು ನೊರೆ ಇದ್ದರೆ ಸರಿ. ಬೆಳ್ಳನೆಯ ನೊರೆ ಉಬ್ಬಿ ಬಂದರೆ ಏನೋ ಪೆಟ್ಟು ಬಿದ್ದಿದೆ. ಲೀಟರ್ ಸಿಲಿಂಡರಿನಲ್ಲಿ ಸ್ಲಡ್ಜ್ ಅರ್ಧ ಗಂಟೆಯಲ್ಲಿ ಚೆನ್ನಾಗಿ ಕೂತು, ಆಮೇಲೆ ಸಣ್ಣ ಗುಳ್ಳೆಗಳೊಂದಿಗೆ ಮುದ್ದೆಮುದ್ದೆಯಾಗಿ ಮೇಲೆದ್ದರೆ ಗಾಬರಿ ಬೇಡ. ನೈಟ್ರೇಟ್ ಒಡೆದು ನೈಟ್ರೋಜನ್ ಬಿಡುಗಡೆಯಾಗುತ್ತಿದೆ. ಕ್ಲಾರಿಫೈಯರಿನ ತಳದಿಂದ ಸ್ಲಡ್ಜನ್ನು ಬೇಗ ಎಳೆಯಿರಿ. ಇದನ್ನು ನನಗೆ ಕಲಿಸಿದ್ದು ಪುಸ್ತಕವಲ್ಲ, ರಾತ್ರಿ ಪಾಳಿಯ ಆಪರೇಟರುಗಳು.

6. ಆರ್‌ಒ ಉಪ್ಪನ್ನು ಬೇರ್ಪಡಿಸುತ್ತದೆ, ಇಲ್ಲವಾಗಿಸುವುದಿಲ್ಲ

ಶೇ 75 ನೀರು ಮರಳಿ ಸಿಕ್ಕಿತು ಎಂದರೆ ಉಳಿದ ಶೇ 25ರಲ್ಲಿ ಉಪ್ಪು ನಾಲ್ಕು ಪಟ್ಟಾಯಿತು ಎಂದರ್ಥ. ನಮ್ಮ ಸೀಮೆಯ ನೀರಿನಲ್ಲಿ ಕ್ಯಾಲ್ಸಿಯಂ ಜೊತೆ ಸಿಲಿಕಾವನ್ನೂ ನೋಡಬೇಕು. ಅದು ಮೆಂಬ್ರೇನಿನ ಮೇಲೆ ಒಮ್ಮೆ ಕೂತರೆ ಆಸಿಡ್ಡಿಗೂ ಬಗ್ಗದು. ಹಾಳಾದ ಮೆಂಬ್ರೇನ್ ಬಿಚ್ಚಿ ನೋಡಿದರೆ ತಪ್ಪು ಬಹುತೇಕ ಅದರ ಹಿಂದಿನ ಹಂತದ್ದೇ ಆಗಿರುತ್ತದೆ. ಎಣ್ಣೆಯ ಅಂಶ, ಮಿಕ್ಕ ಕ್ಲೋರಿನ್, ಅಳತೆಯಿಲ್ಲದೆ ಹಾಕಿದ ಪಾಲಿಮರ್. ನೀರು ಮೆಂಬ್ರೇನನ್ನು ಎಷ್ಟು ಬೇಗ ಕಟ್ಟಿಸುತ್ತದೆ ಎಂದು ತೋರಿಸುವ ಎಸ್‌ಡಿಐ 3ರ ಕೆಳಗಿರಲಿ. 5 ದಾಟಿದರೆ ನೀರು ಒಳಗೆ ಬಿಡಬೇಡಿ, ಮೇಲಿನವರು ಎಷ್ಟೇ ಅವಸರ ಮಾಡಲಿ.

7. ಊರಿನ ಕೊಳಚೆ ನೀರು ಒಳ್ಳೆಯ ಮೂಲ, ಅದರ ಗುಣ ತಿಳಿದಿದ್ದರೆ

ಮಳೆ ಬರಲಿ ಬಿಡಲಿ, ಊರಿನ ಚರಂಡಿ ಹರಿಯುತ್ತದೆ. ಚೆನ್ನೈನ ಕೊಯಂಬೇಡು ಮತ್ತು ಕೊಡುಂಗೈಯೂರಿನಲ್ಲಿ 2019ರಿಂದ ತಲಾ ದಿನಕ್ಕೆ 4.5 ಕೋಟಿ ಲೀಟರ್ ಸಾಮರ್ಥ್ಯದ ಘಟಕಗಳು ಕೊಳಚೆ ನೀರನ್ನು ಆರ್‌ಒ ಹಂತದವರೆಗೆ ಶುದ್ಧಗೊಳಿಸಿ ಕೈಗಾರಿಕೆಗಳಿಗೆ ಕೊಡುತ್ತಿವೆ. ಕೇಂದ್ರದ 2016ರ ವಿದ್ಯುತ್ ದರ ನೀತಿಯ ಪ್ರಕಾರ 50 ಕಿಲೋಮೀಟರ್ ಒಳಗೆ ಕೊಳಚೆ ಶುದ್ಧೀಕರಣ ಘಟಕ (ಎಸ್‌ಟಿಪಿ) ಇದ್ದರೆ ಉಷ್ಣ ವಿದ್ಯುತ್ ಸ್ಥಾವರಗಳು ಅದರ ನೀರನ್ನೇ ಬಳಸಬೇಕು. ಕೂಲಿಂಗಿಗೆ ನೇರವಾಗಿ ತರುವುದಾದರೆ ಎರಡು ಎಚ್ಚರ: ಅಮೋನಿಯಾ ಹಿತ್ತಾಳೆ ಟ್ಯೂಬುಗಳನ್ನು ಕೊರೆಯುತ್ತದೆ, ಕ್ಲೋರಿನ್ನನ್ನೂ ನುಂಗುತ್ತದೆ, ಫಾಸ್ಫೇಟ್ ಕ್ಯಾಲ್ಸಿಯಂ ಜೊತೆ ಸೇರಿ ಗಟ್ಟಿ ಪದರವಾಗುತ್ತದೆ.

8. ಝಡ್‌ಎಲ್‌ಡಿ ಕೊನೆಯ ಮೆಟ್ಟಿಲು, ಮೊದಲನೆಯದಲ್ಲ

ಕಾಂಪೌಂಡಿನ ಹೊರಗೆ ಒಂದು ಹನಿಯೂ ಹೋಗಬಾರದು ಎಂಬ ಝಡ್‌ಎಲ್‌ಡಿ ಒಳ್ಳೆಯ ಗುರಿ. ಆದರೆ ಆರ್‌ಒದಲ್ಲಿ ಒಂದು ಘನ ಮೀಟರ್ ನೀರಿಗೆ ಒಂದೆರಡು ಯೂನಿಟ್ ವಿದ್ಯುತ್ ಸಾಕಾದರೆ, ಉಳಿದ ಉಪ್ಪುನೀರನ್ನು ಎಂವಿಆರ್ ಎಂಬ ಆವಿಯಂತ್ರದಲ್ಲಿ ಆವಿ ಮಾಡಲು ಅದರ ಹತ್ತು ಪಟ್ಟಾದರೂ ಬೇಕು. ಆಮೇಲೆ ಉಪ್ಪು ಕೈಗೆ ಬರುತ್ತದೆ. ಮೊದಲ ಪಾಠದ ಆ ಆರು ಟನ್ 50 ಕಿಲೋದ ಚೀಲಕ್ಕೆ ತುಂಬಿದರೆ ದಿನಕ್ಕೆ 120 ಚೀಲ. ಸೋಡಿಯಂ ಕ್ಲೋರೈಡ್, ಸಲ್ಫೇಟ್ ಬೆರಕೆಯ ಇದನ್ನು ಯಾರೂ ಕೊಳ್ಳರು. ಮಳೆಗಾಲದಲ್ಲಿ ತೇವ ಹೀರಿ ಚೀಲಗಳು ಒಸರಿ, ಶೆಡ್ಡಿನ ನೆಲವೆಲ್ಲ ಜಿಗುಟಾಗಿ, ಬಾಗಿಲ ಕಡೆಗೆ ಹರಿಯುವುದನ್ನು ಕಂಡಿದ್ದೇನೆ.

2011ರಲ್ಲಿ ಮದ್ರಾಸ್ ಹೈಕೋರ್ಟ್ ಆದೇಶದಿಂದ ತಿರುಪ್ಪೂರಿನ ಬಣ್ಣದ ಘಟಕಗಳು ಮುಚ್ಚಿದ ಮೇಲೆ ಅಲ್ಲಿ ಝಡ್‌ಎಲ್‌ಡಿ ಗಟ್ಟಿಯಾಗಿ ಜಾರಿಗೆ ಬಂತು. ಬಟ್ಟೆಗೆ ಬಣ್ಣ ಹಿಡಿಸಲು ಉಪ್ಪು ಬೇಕಾದ್ದರಿಂದ ಅವರು ಉಪ್ಪುನೀರಿನ ಒಂದು ಪಾಲನ್ನು ಮತ್ತೆ ಬಳಸಬಲ್ಲರು. ಉಕ್ಕಿನವರಿಗೆ ಆ ಅನುಕೂಲವಿಲ್ಲ. ಹಾಗಾಗಿ ಮೇಲಿನ ಪಾಠಗಳೆಲ್ಲ ಮುಗಿದು, ಕೊನೆಗೆ ಉಳಿದ ಸ್ವಲ್ಪಕ್ಕೆ ಮಾತ್ರ ಆವಿಯಂತ್ರ ಕಟ್ಟಿ.

9. ಮೊದಲ ಮಳೆಗೆ ತಯಾರಿರಿ

ಅದಿರಿನ ಅಂಗಳದ ಮೇಲೆ ಬಿದ್ದ ಮೊದಲ ಮಳೆ ಕೆಂಪಗೆ ಹರಿಯುತ್ತದೆ. ಆ ನುಣ್ಣನೆಯ ಕೆಂಪು ಸುಲಭಕ್ಕೆ ತಳ ಸೇರದು. ಸುತ್ತ ಕಾಲುವೆ ತೋಡಿ ಕೊಳಕ್ಕೆ ತಿರುಗಿಸಿ. ಹೂಳನ್ನು ಮೇ ತಿಂಗಳಲ್ಲೇ ತೆಗೆಸಿ. ಮಳೆನೀರಿನಲ್ಲಿ ಉಪ್ಪು ಕಡಿಮೆ. ಕೆಂಪು ಕಳೆದರೆ ಒಳ್ಳೆಯ ಮೇಕಪ್ ನೀರು.

10. ಶೇಕಡಾವಾರು ಅಂಕಿಗೆ ಮರುಳಾಗಬೇಡಿ

ತಿಂಗಳ ಮೀಟಿಂಗಿನಲ್ಲಿ ‘ಶೇ 98 ಮರುಬಳಕೆ’ ಎಂಬ ಸ್ಲೈಡ್ ಬಂದರೆ ಹೇಗೆ ಎಣಿಸಿದಿರಿ ಎಂದು ಕೇಳಿ. ಮೂರನೇ ಪಾಠದ ಟವರನ್ನೇ ತೆಗೆದುಕೊಳ್ಳಿ: ಸುತ್ತುವುದು 10,000, ಐದು ಪಟ್ಟಿನಲ್ಲಿ ಹೊಸದಾಗಿ ಸೇರುವುದು 188. ಸುತ್ತುವ ನೀರನ್ನೇ ಮರುಬಳಕೆ ಎಂದು ಎಣಿಸಿದರೆ ಏನೂ ಮಾಡದೆಯೇ ಶೇ 98 ಬರುತ್ತದೆ.

ಬೋರ್ಡಿನ ಮೇಲೆ ಇರಬೇಕಾದ್ದು ಮೂರೇ ಅಂಕಿ. ಒಂದು ಟನ್ ಉಕ್ಕಿಗೆ ಎಷ್ಟು ಹೊಸ ನೀರು ಬಂತು, ಎಷ್ಟು ಉಪ್ಪು ಒಳಗೆ ಬಂತು, ಎಷ್ಟು ಯಾವ ದಾರಿಯಲ್ಲಿ ಹೊರಗೆ ಹೋಯಿತು. ಇದಕ್ಕೆ ದುಬಾರಿ ಯಂತ್ರ ಬೇಡ. ಸರಿಯಾಗಿ ಓಡುವ ಫ್ಲೋಮೀಟರು, ವಾರಕ್ಕೊಮ್ಮೆ ತಾಳೆ ನೋಡಿದ ಕಂಡಕ್ಟಿವಿಟಿ ಮೀಟರು, ಕಂಡದ್ದನ್ನೇ ಲಾಗ್‌ಬುಕ್ಕಿನಲ್ಲಿ ಬರೆಯಲು ಹೆದರದ ಶಿಫ್ಟಿನವರು ಸಾಕು. ಎರಡನೆಯ ಮತ್ತು ಮೂರನೆಯ ಅಂಕಿ ತಾಳೆಯಾಗದಿದ್ದರೆ ಮೀಟರನ್ನು ದೂರುವ ಮುಂಚೆ ಒಂದು ಕೆಲಸ ಮಾಡಿ: ಕಾಂಪೌಂಡಿನ ಹೊರಗೆ, ಇಳಿಜಾರಿನ ಕಡೆಯ ಹೊಲಗಳ ಬೋರ್‌ವೆಲ್ ನೀರಿನ ಟಿಡಿಎಸ್ ನೋಡಿ ಬನ್ನಿ.